ವಜ್ದಾದಿಂದ ವಾಪಸು ಬಂದ ಡಬ್ಬ

ಡಬ್ಬ ಎತ್ತಿದ ಕೂಡಲೇ ನನ್ನ ತೋಳಿಗೆ ಗೊತ್ತಾಯಿತು. ಒಳಗೆ ಏನೋ ಹೆಚ್ಚಿಗೆ ಕೂತಿದೆ.

ತಂಜಾ ಬಂದರಿನ ಸುಂಕದ ಕಟ್ಟೆಯಲ್ಲಿ ಹೆಂಗಸರ ಸಾಮಾನು ತಡವಿ ನೋಡುವ ಕೆಲಸದಲ್ಲೇ ಅರ್ಧ ಆಯುಸ್ಸು ಕಳೆದವಳು ನಾನು, ಬತೂಲ್. ಕಣ್ಣು ಮೋಸ ಹೋಗುತ್ತೆ, ಕಿವಿಯಂತೂ ದಿನಾ ಹೋಗುತ್ತೆ. ತೋಳು ಮಾತ್ರ ನನಗೆ ಇದುವರೆಗೆ ಸುಳ್ಳು ಹೇಳಿಲ್ಲ.

ಕೊರಿಯರಿನ ತಿಬಾರಿ ಆಗಷ್ಟೇ ಮೂರು ಚಕ್ರದ ಗಾಡಿಯಿಂದ ಅದನ್ನು ಇಳಿಸಿ, ಬಾಗಿಲ ಪಕ್ಕದ ಹೊರಕೋಣೆಯಲ್ಲಿ ಇಟ್ಟು ಹೋಗಿದ್ದ. ವಜ್ದಾದವರು ಮತ್ತೆ ಬೇಡ ಅಂದರಂತೆ. ಆ ಊರಿನವರು ಅಡುಗೆ ಮಾಡುವುದೇ ಇಲ್ಲ ಅನಿಸುತ್ತೆ, ಪಾತ್ರೆ ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ ಅಂತ ನಕ್ಕು ಗಾಡಿ ತಿರುಗಿಸಿದ. ನಾನು ನಗಲಿಲ್ಲ. ಆ ಗಡಿ ಊರಿನಿಂದ ಇದು ನಾಲ್ಕನೆಯ ವಾಪಸು.

ನೌಕರಿ ಮುಗಿಸಿ ಹುಟ್ಟೂರು ಆಸ್ಫಿಗೆ ವಾಪಸು ಬಂದ ನನ್ನನ್ನು ಈ ಮನೆಯ ಒಡತಿ ಲಲ್ಲಾ ರಖಿಯಾ ಕರೆಸಿದ್ದು ಈ ಡಬ್ಬಕ್ಕಲ್ಲ. ಆಸ್ಫಿಯ ಕುಂಬಾರರ ಗುಡ್ಡದಿಂದ ತಾಜೀನ್, ಅಂದರೆ ಗೋಪುರದಂಥ ಮುಚ್ಚಳದ ಮಣ್ಣಿನ ಅಡುಗೆ ಪಾತ್ರೆ, ಕೊಂಡು ತಂದು ಫೋನಿನ ಆನ್‌ಲೈನ್ ಸಂತೆಯಲ್ಲಿ ಮಾರುತ್ತಾಳೆ ಆಕೆ. ಮಾಲು ಹೋಗುತ್ತಲೇ ಇದೆ, ಕೈಗೆ ಏನೂ ಹತ್ತುತ್ತಿಲ್ಲ. ಬ್ಯಾಂಕಿನ ಮಿಷಿನ್ನಿನಿಂದ ದುಡ್ಡು ತೆಗೆದು ತರುವವಳು ಸೊಸೆ, ಇತ್ತೋ ಅಂತ ಹೆಸರು. ಹಾಗಾಗಿ ನಡುವೆ ತಿನ್ನುತ್ತಿರುವವಳೂ ಅವಳೇ, ರುಜುವಾತು ಮಾಡಿಕೊಡು ಅಂತ ಆಕೆಯ ಹಟ. ನಾಳೆ ಶುಕ್ರವಾರ ಮಗ ಮಿಲೂದನ ಮೀನಿನ ದೋಣಿ ಅಗಾದಿರ್ ಕಡೆಯಿಂದ ವಾಪಸು ಬರುತ್ತೆ. ಅವನು ಬಂದ ಕೂಡಲೇ ಇತ್ತೋಳನ್ನು ತವರಿನ ಬೆಟ್ಟಕ್ಕೆ ಬಸ್ಸು ಹತ್ತಿಸುವುದು, ಅವಳ ನಾಲ್ಕು ವರ್ಷದ ಮಗಳು ತೂದಾಳನ್ನು ಇಲ್ಲೇ ಉಳಿಸಿಕೊಳ್ಳುವುದು. ಎಲ್ಲಾ ತೀರ್ಮಾನವಾಗಿದೆ, ನನ್ನ ಒಂದು ಮಾತು ಬಾಕಿ.

ನನ್ನ ಒಂದು ಮಾತಿನ ಮೇಲೆ ಒಂದು ಮಗು ತಾಯಿಯನ್ನು ಕಳೆದುಕೊಳ್ಳುತ್ತೆ ಅನ್ನುವುದು ನನಗೆ ಮೊದಲ ದಿನದಿಂದಲೂ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು. ಹಾಗಾಗಿ ಈ ಬೆಳಿಗ್ಗೆ ಎದ್ದವಳೇ ನಾನು ಹಿಡಿದದ್ದು ನೌಫಲನನ್ನು.

ನೌಫಲ್ ರಖಿಯಾಳ ಅಣ್ಣನ ಮಗ. ಲೆಕ್ಕಶಾಸ್ತ್ರ ಓದಿದ್ದಾನೆ, ತಲೆಗೆ ಅಂಟು ಹಚ್ಚಿ ಬಾಚುತ್ತಾನೆ, ಸೋದರತ್ತೆಯ ಫೋನಿನೊಳಗಿನ ಅಂಗಡಿ ನೋಡಿಕೊಳ್ಳುವವನು ಅವನೇ. ಆಸ್ಫಿ ಬಂದರಿನ ಕಾಫಿ ಅಂಗಡಿಯಲ್ಲಿ ಕೂರಿಸಿ, ಒಂದು ತಾಜೀನ್ ಮಾರಿದರೆ ಎಷ್ಟು ಉಳಿಯುತ್ತೆ ಅಂತ ಕೇಳಿದೆ. ಇನ್ನೂರಕ್ಕೆ ಮಾರಾಟ, ಕುಂಬಾರನಿಗೆ ಎಂಬತ್ತು, ನೂರಿಪ್ಪತ್ತು ದಿರ್ಹಮ್ ಲಾಭ ಅಂತ ಎದೆ ಉಬ್ಬಿಸಿ ಹೇಳಿದ.

"ಸಂತೆಯವರ ಕಮಿಷನ್ ಯಾರಪ್ಪ ಕೊಡ್ತಾನೆ?" ಅಂದೆ. "ಸಾಗಾಣಿಕೆ ಬಾಡಿಗೆ?"

"ಅದನ್ನ ಅವರೇ ಮುರ್ಕೊಂಡು ಉಳಿದದ್ದು ಹಾಕ್ತಾರೆ, ಚಿಕ್ಕಮ್ಮ. ನಮ್ಮ ಕೈಗೇ ಬರಲ್ಲ. ಅದು ನಮ್ಮ ಖರ್ಚು ಹೇಗಾಗುತ್ತೆ?"

ಕೇಳಿದಿರಾ? ಕೈಗೆ ಬಾರದ ದುಡ್ಡು ಖರ್ಚಲ್ಲವಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇವನೂ ಕಣ್ಣು ಮುಚ್ಚಿ ಲೆಕ್ಕ ಬರೆದಿದ್ದ. ಮೇಜಿನ ಮೇಲೆ ಸಕ್ಕರೆ ತುಂಡು ಇಟ್ಟು ಇಟ್ಟು ಅವನಿಗೆ ತೋರಿಸಿದೆ. ಸಂತೆಯವರಿಗೆ ಮೂವತ್ತು. ಹೋಗುವ ಬಾಡಿಗೆ ನಲವತ್ತು. ಡಬ್ಬ, ಹುಲ್ಲು, ಟೇಪಿಗೆ ಹತ್ತು. ಇವನ ನೂರಿಪ್ಪತ್ತರಲ್ಲಿ ಉಳಿದದ್ದು ನಲವತ್ತು.

ಅದೂ ಗಿರಾಕಿ ಮಾಲು ಇಟ್ಟುಕೊಂಡರೆ. ನಮ್ಮ ಜನ ಕಾಣದ ಮಾಲಿಗೆ ಮೊದಲೇ ದುಡ್ಡು ಕೊಡುವವರಲ್ಲ. ಬಾಗಿಲಿಗೆ ಬರಲಿ, ಆಮೇಲೆ ನೋಡೋಣ ಅನ್ನುವವರು. ಬಾಗಿಲಿಗೆ ಬಂದಾಗ ಹೆಂಡತಿಗೆ ಬಣ್ಣ ಹಿಡಿಸಲಿಲ್ಲ, ಇಲ್ಲ ಗಂಡ ಮನೆಯಲ್ಲಿಲ್ಲ, ಇಲ್ಲ ಮನಸ್ಸು ಬದಲಾಯಿತು. ಬೇಡ ಅಂದರೆ ಮುಗಿಯಿತು. ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ಮಾರಿದವರ ತಲೆಗೇ, ಮೇಲೆ ಸಂತೆಯವರ ಸಣ್ಣ ದಂಡ ಬೇರೆ. ಒಂದು ವಾಪಸು ಬಂದರೆ ಮಾರಿದ ಎರಡು ಮೂರು ತಾಜೀನಿನ ಲಾಭ ನುಂಗಿಕೊಂಡೇ ಬರುತ್ತೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅಂದರೆ ಇದೇ.

ಬರುವಾಗಿನ ಬಾಡಿಗೆಯೂ ನಲವತ್ತೇ ತಾನೇ ಅಂತ ಕೇಳಿದೆ. ಅಲ್ಲ, ವಜ್ದಾದ ವಾಪಸಿಗೆ ಮಾತ್ರ ಅರವತ್ತು ಮುರಿಯುತ್ತಾರೆ, ಅಲ್ಲಿನ ತಕ್ಕಡಿಗೆ ದುರಾಸೆ ಇರಬೇಕು ಅಂದ. ಈ ತುಂಡು ನನ್ನ ಮನಸ್ಸಿನ ಮೂಲೆಯಲ್ಲಿ ಹಾಗೇ ಉಳಿಯಿತು.

ಅವನ ಫೋನಿನಲ್ಲಿದ್ದದ್ದನ್ನೆಲ್ಲಾ ಹೀಗೆ ಕಳೆದು ಕೂಡಿದ ಮೇಲೆ, ಸಂತೆಯವರು ಹಾಕಿದ ದುಡ್ಡಿಗೂ ಇತ್ತೋ ತಂದುಕೊಟ್ಟ ದುಡ್ಡಿಗೂ ಒಂದು ಕಾಸಿನ ವ್ಯತ್ಯಾಸ ಸಿಗಲಿಲ್ಲ. ಕಳ್ಳ ಸಿಗಲಿಲ್ಲ ಅಂತಲ್ಲ, ಕಳ್ಳತನವೇ ಆಗಿರಲಿಲ್ಲ. ನೌಫಲನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಏಳುವಾಗ, ಇಷ್ಟು ಸಲ ಬೇಡ ಅಂದವರನ್ನು ಫೋನಿನಲ್ಲೇ ತಡೆದು ಹಾಕಬಾರದಾ ಅಂತ ಗದರಿದೆ.

ತಡೆಯಲು ಹೋಗಿದ್ದೆ ಅಂದ ಅವನು. ವಜ್ದಾದಲ್ಲಿ ಹೀಗೆ ಬೇಡ ಅನ್ನುವ ಆ ಒಂದು ಕೇರಿಯವರನ್ನು ಮಾತ್ರ ಮುಟ್ಟಬೇಡ, ಅನ್ನ ಕೊಡುವ ಬಾಗಿಲು ಮುಚ್ಚಬಾರದು ಅಂತ ಸೋದರತ್ತೆಯೇ ಕೈ ಹಿಡಿದರಂತೆ.

ದಾರಿಯುದ್ದಕ್ಕೂ ಅದನ್ನೇ ಅಗಿಯುತ್ತಾ ಬಂದೆ. ಸೊಸೆ ಮೀನಿನ ಬಾಲ ಎಸೆದರೂ ಲೆಕ್ಕ ಕೇಳುವ ಹೆಂಗಸು ರಖಿಯಾ. ನಷ್ಟ ತರುವ ಗಿರಾಕಿಯ ಮೇಲೆ ಆಕೆಗೆ ಅದೇನು ಅಕ್ಕರೆ?

ಈಗ ಆ ಕೇರಿಯಿಂದಲೇ ಬಂದ ಡಬ್ಬ ನನ್ನ ಕೈಯಲ್ಲಿತ್ತು. ರಖಿಯಾ ಗುರುವಾರದ ಸ್ನಾನಕ್ಕೆ ಹಮ್ಮಾಮಿಗೆ ಹೋಗಿದ್ದಳು. ಅವಳು ಉಜ್ಜಿಸಿಕೊಂಡು, ಊರಿನವರನ್ನೆಲ್ಲಾ ಆಡಿಕೊಂಡು ಬರುವ ಹೊತ್ತಿಗೆ ಮಧ್ಯಾಹ್ನ ಕಳೆಯುತ್ತೆ.

ನಿಜ ಹೇಳಬೇಕೆಂದರೆ ಆ ಡಬ್ಬ ಮುಟ್ಟುವಾಗ ನನಗೂ ಒಂದಿಷ್ಟು ಅಳುಕು. ಬೇಡ ಅನ್ನಿಸಿಕೊಂಡು ಬಂದ ಮಾಲಿಗೆ ಗಾಳಿ ಅಂಟಿರುತ್ತೆ ಅಂತ ಈ ಮನೆಯ ನೇಮ. ಶುಕ್ರವಾರ ನಮಾಜು ಮುಗಿದ ಮೇಲೆ ದೃಷ್ಟಿ ತೆಗೆಯುವ ಫಾಸೂಖ್ ಅಂಟಿನ ಹೊಗೆ ಹಾಕುವವರೆಗೆ ಅದು ಹೊರಕೋಣೆ ದಾಟುವ ಹಾಗಿಲ್ಲ, ಯಾರೂ ಬಿಚ್ಚುವ ಹಾಗಿಲ್ಲ. ಮೊದಲ ದಿನವೇ ರಖಿಯಾ ಇದನ್ನು ಹೇಳಿದ್ದಳು. ನಾನೂ ಇದೇ ಊರಿನ ನೀರು ಕುಡಿದವಳು, ನನ್ನಮ್ಮನೂ ಕಂಡ ಕಂಡದ್ದಕ್ಕೆಲ್ಲಾ ಹೊಗೆ ಹಾಕಿದವಳು. ಸರಿ ಅಂತ ತಲೆ ಆಡಿಸಿ ಸುಮ್ಮನಾಗಿದ್ದೆ.

ಬಿಸ್ಮಿಲ್ಲಾ ಅಂದು ಡಬ್ಬವನ್ನು ಬೆಳಕಿಗೆ ತಿರುಗಿಸಿದೆ. ಕೊರಿಯರಿನವರು ಎರಡು ಚೀಟಿ ಅಂಟಿಸಿದ್ದರು. ಹೋಗುವಾಗಿನ ತೂಕ ನಾಲ್ಕೂವರೆ ಕಿಲೋ. ಬರುವಾಗ ಐದೂಕಾಲು. ಐದು ದಾಟಿದರೆ ಬಾಡಿಗೆ ಬೇರೆ, ಅರವತ್ತು ಎಲ್ಲಿಂದ ಬಂತು ಅನ್ನುವುದು ಇಲ್ಲಿ ತಿಳಿಯಿತು. ಅಲ್ಲಿನ ತಕ್ಕಡಿ ಪಾಪ ನಿಜವನ್ನೇ ಹೇಳಿತ್ತು.

ವಾಪಸಿನ ಚೀಟಿಯ ಕೆಳಗೆ, ಗಿರಾಕಿ ಬಿಚ್ಚದೆ ಬಾಗಿಲಲ್ಲೇ ನಿರಾಕರಿಸಿದರು ಅಂತ ಬರೆದಿತ್ತು. ಬಿಚ್ಚದ ಡಬ್ಬ ದಾರಿಯಲ್ಲಿ ಊಟ ಮಾಡಿ ದಪ್ಪಗಾಯಿತಾ?

ಟೇಪಿನ ತುದಿಯ ಮೇಲೆ ಬೆರಳಾಡಿಸಿದೆ. ನೀಟಾಗಿ, ನೇರವಾಗಿ, ಕತ್ತಿಯಲ್ಲಿ ಕೊಯ್ದ ಹಾಗಿತ್ತು. ಮೂಲೆಯಲ್ಲಿ ಇವತ್ತು ಕಳಿಸಲು ಕಟ್ಟಿಟ್ಟಿದ್ದ ಬೇರೆ ಎರಡು ಡಬ್ಬ ಇದ್ದವು. ಅವುಗಳ ಟೇಪು ಮುಟ್ಟಿದರೆ ತುದಿಯೆಲ್ಲಾ ಹರಕು ಮುರುಕು.

ಅಡುಗೆಮನೆಯಲ್ಲಿ ಇತ್ತೋ ನೆಲದ ಮೇಲೆ ಕೂತು ಸಾರ್ಡೀನಿನ ಮುಳ್ಳು ಬಿಡಿಸುತ್ತಿದ್ದಳು. ತೂದಾ ಅವಳ ಬೆನ್ನಿಗೆ ಒರಗಿ ನಿದ್ದೆ ಹೋಗಿತ್ತು. ಮಗು ಏಳಬಾರದು ಅಂತ ಇತ್ತೋ ಬೆನ್ನು ಅಲ್ಲಾಡಿಸದೆ ಕೈ ಮಾತ್ರ ಆಡಿಸುತ್ತಿದ್ದಳು. ನಾನೂ ದನಿ ತಗ್ಗಿಸಿ ಅವಳ ಎದುರು ಕೂತೆ.

ಟೇಪು ಹೇಗೆ ಹರಿಯುತ್ತೀ ಅಂತ ಕೇಳಿದೆ. ಕತ್ತರಿ ಅತ್ತೆಯ ಬೀಗದ ಪೆಟ್ಟಿಗೆಯಲ್ಲಿ ಇರುತ್ತೆ, ತಾನು ಹಲ್ಲಲ್ಲೇ ಕಚ್ಚಿ ಹರಿಯುವುದು ಅಂದಳು. ತಪ್ಪಾಯಿತಾ ಅಂತ ಹೆದರಿ ನೋಡಿದಳು. ಈ ಮನೆಯಲ್ಲಿ ಅವಳಿಗೆ ಯಾವ ಪ್ರಶ್ನೆಯೂ ತಪ್ಪು ಹುಡುಕುವ ಪ್ರಶ್ನೆಯಾಗಿ ಕೇಳಿಸುತ್ತಿತ್ತು.

ಹಲ್ಲಿನಲ್ಲಿ ಹರಿದ ಟೇಪು ಹೋಗಿ, ಕತ್ತಿಯಲ್ಲಿ ಕೊಯ್ದ ಟೇಪು ಬಂದಿದೆ. ಬಿಚ್ಚಿದವರು ಕೊಂಡವರೋ, ಹೊತ್ತವರೋ, ಅದನ್ನು ಆಮೇಲೆ ನೋಡೋಣ. ಯಾರೋ ಬಿಚ್ಚಿದ್ದಾರೆ, ಮುಕ್ಕಾಲು ಕಿಲೋ ಏನನ್ನೋ ಒಳಗಿಟ್ಟಿದ್ದಾರೆ, ಮತ್ತೆ ಜೋಡಿಸಿ ಕಳಿಸಿದ್ದಾರೆ. ವಾಪಸು ಬಂದ ಪಾರ್ಸೆಲ್ಲನ್ನು ಯಾವ ಪೊಲೀಸು ನೋಡುತ್ತಾನೆ? ಬಾಡಿಗೆ ಕಟ್ಟುವವಳು ಮಾರಿದವಳು. ಇಷ್ಟು ಸೋವಿಯ ಕಳ್ಳಸಾಗಣೆಯನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

ಆದರೆ ಇಲ್ಲಿ ಇಳಿದ ಮೇಲೆ ಅದನ್ನು ಯಾರು ತೆಗೆಯುತ್ತಾರೆ? ಶುಕ್ರವಾರದ ಹೊಗೆಗೆ ಮೊದಲು ಯಾರೂ ಮುಟ್ಟುವುದಿಲ್ಲ ಅಂತ ಗೊತ್ತಿರುವವರು. ತಿಬಾರಿಗೆ ಗೊತ್ತು. ನೌಫಲನಿಗೆ ಗೊತ್ತು. ಇದೇ ತಲೆಯಲ್ಲಿಟ್ಟುಕೊಂಡು, ನಿಮ್ಮ ಬೆಟ್ಟದ ಕಡೆಯೂ ಹೀಗೆ ವಾಪಸು ಬಂದದ್ದಕ್ಕೆ ಹೊಗೆ ಹಾಕುತ್ತೀರಾ ಅಂತ ಸುಮ್ಮನೆ ಮಾತಿಗೆ ಕೇಳಿದೆ.

"ಇಲ್ಲ ಚಿಕ್ಕಮ್ಮ. ಈ ಮನೇಲೂ ಇರ್ಲಿಲ್ಲ," ಅಂದಳು ಇತ್ತೋ. "ಮೊದಲೆಲ್ಲಾ ವಾಪಸು ಬಂದ್ರೆ ಅತ್ತೆ ಬಾಗಿಲಲ್ಲೇ ಬಿಚ್ಚಿಸ್ತಿದ್ರು, ಒಡೆದಿದ್ಯಾ ನೋಡು ಅಂತ. ಈ ಗಾಳಿ, ಹೊಗೆ ಎಲ್ಲಾ ಕುರಿ ಹಬ್ಬ ಆದ್ಮೇಲೆ ಶುರುವಾಗಿದ್ದು."

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಹೊರಗಿನವಳಾಗಿದ್ದರೆ ಮೊದಲ ದಿನವೇ, ಇದೆಲ್ಲಿಯ ಪದ್ಧತಿ ಅಂತ ಕೇಳುತ್ತಿದ್ದೆ. ಇಲ್ಲಿಯವಳಾದ್ದರಿಂದ ಕೇಳಲಿಲ್ಲ. ರಖಿಯಾ ನೆಚ್ಚಿಕೊಂಡದ್ದೂ ಅದನ್ನೇ. ಆಸ್ಫಿಯ ಯಾವ ಹೆಂಗಸೂ ಹೊಗೆ ಹಾಕದ ಡಬ್ಬಕ್ಕೆ ಕೈ ಹಾಕುವುದಿಲ್ಲ ಅಂತ ಗೊತ್ತಿದ್ದೇ ಆಕೆ ನನ್ನನ್ನು ಮನೆಯೊಳಗೆ ಬಿಟ್ಟುಕೊಂಡಿದ್ದಳು.

ನಿನ್ನನ್ನು ಕಳ್ಳಿ ಅನ್ನಲು ಶುರು ಮಾಡಿದ್ದು ಯಾವಾಗ ಅಂತ ಕೇಳಿದೆ. ಹಿಂದಿನ ಸಲ ವಜ್ದಾದ ಡಬ್ಬ ಬಂದಾಗ ಅಂದಳು. ಆ ದಿನ ಅತ್ತೆ ಹೊರಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಇದ್ದರಂತೆ. ಹೊರಗೆ ಬಂದಾಗ ತಲೆಗೂದಲಲ್ಲೆಲ್ಲಾ ಹುಲ್ಲು. ಏನು ಹುಡುಕುತ್ತಿದ್ದೀರಿ ಅಂತ ಕೇಳಿದ್ದಕ್ಕೆ ಬೆನ್ನಿಗೆ ಹೊಡೆತ ಬಿತ್ತು. ಮರುದಿನದಿಂದ ಬ್ಯಾಂಕಿನ ದುಡ್ಡಿನ ಮಾತು ಶುರುವಾಯಿತು.

ಇದನ್ನು ಹೇಳುವಾಗ ಇತ್ತೋ ನನ್ನ ಮುಖ ನೋಡಲಿಲ್ಲ. ಮೂಲೆಯಲ್ಲಿದ್ದ ಹಿಟ್ಟಿನ ಡ್ರಮ್ಮಿನ ಕಡೆ ಒಮ್ಮೆ ಕಣ್ಣು ಹೋಯಿತು, ತಕ್ಷಣ ಮೀನಿಗೆ ವಾಪಸು ಬಂತು. ನಾನು ನೋಡಿದೆ, ಆದರೆ ಆಗ ಅದಕ್ಕೆ ಬೆಲೆ ಕೊಡಲಿಲ್ಲ.

ಹೊರಬಾಗಿಲು ಕಿರುಗುಟ್ಟಿತು. ರಖಿಯಾ ಬಂದಳು. ಬಿಸಿನೀರಿಗೆ ಕೆಂಪಾದ ಮುಖ, ಮೈಮೇಲೆ ಬಿಳಿ ಬಟ್ಟೆ. ಗಂಡ ಸತ್ತಾಗ ಉಟ್ಟ ಬಿಳಿಯನ್ನು, ಶೋಕದ ಗಡುವು ಮುಗಿದು ವರ್ಷಗಳಾದರೂ ಆಕೆ ಬಿಟ್ಟಿರಲಿಲ್ಲ. ಹೊರಕೋಣೆಯಲ್ಲಿ ಡಬ್ಬ ಕಂಡಿರಬೇಕು, ಅಂಗಳಕ್ಕೆ ಬರುವಾಗ ನಡಿಗೆ ಚುರುಕಾಗಿತ್ತು. ನನ್ನನ್ನು ಕಂಡು ನಿಧಾನವಾಯಿತು.

ಚಹಾಕ್ಕೆ ಕೂರಿಸಿದಳು. ಕೂತೆ. ಸೊಸೆಯ ಬಗ್ಗೆ ನನ್ನ ತೀರ್ಪು ಏನು ಅಂತ ಪುದೀನ ಹಿಚುಕುತ್ತಾ ಕೇಳಿದಳು.

ಎಲ್ಲಾ ಬಿಡಿಸಿ ಹೇಳಿದೆ. ಬಾಡಿಗೆ ಎಷ್ಟು ತಿಂದಿತು, ಕಮಿಷನ್ ಎಷ್ಟು ತಿಂದಿತು, ವಾಪಸು ಬಂದದ್ದು ಎಷ್ಟು ನುಂಗಿತು, ನೌಫಲ್ ಯಾವುದನ್ನು ಮರೆತು ಲಾಭ ಬರೆದ. ನಿಮ್ಮ ದುಡ್ಡನ್ನು ಯಾರೂ ಕದ್ದಿಲ್ಲ, ಲಲ್ಲಾ, ಸೊಸೆ ಒಂದು ದಿರ್ಹಮ್ ಮುಟ್ಟಿಲ್ಲ ಅಂದೆ.

ಮನೆಯಲ್ಲಿ ಕಳ್ಳತನವೇ ಆಗಿಲ್ಲ ಅಂತ ಕೇಳಿದ ಯಾರಿಗಾದರೂ ಹೊಟ್ಟೆ ತಣ್ಣಗಾಗಬೇಕು. ರಖಿಯಾಳ ಮುಖ ಬಿಳಿಚಿಕೊಂಡಿತು. ಲೋಟಕ್ಕೆ ಬೀಳಬೇಕಿದ್ದ ಚಹಾ ತಟ್ಟೆಗೆ ಬಿತ್ತು.

"ಮನೆ ಹುಡುಕಿದ್ಯಾ?" ಅಂದಳು. "ಅವಳ ಪೆಟ್ಟಿಗೆ? ಹಾಸಿಗೆ ಕೆಳಗೆ? ಅಟ್ಟದ ಮೇಲೆ?"

"ಬಾಡಿಗೇನೂ ಕಮಿಷನ್ನೂ ಹಾಸಿಗೆ ಕೆಳಗೆ ಬಚ್ಚಿಡೋಕಾಗುತ್ತಾ, ಲಲ್ಲಾ?"

ಆಕೆ ತಟ್ಟೆಗೆ ಬಿದ್ದ ಚಹಾ ಒರೆಸತೊಡಗಿದಳು.

"ಏನು ಕಳ್ಕೊಂಡಿದೀರಿ?" ಅಂದೆ. "ದುಡ್ಡಂತೂ ಅಲ್ಲ."

ನೀನು ನಿನ್ನ ಫೀಸು ತಗೊಂಡು ಹೊರಡು ಅಂದಳು. ನಾನು ಎದ್ದೆ, ಆದರೆ ಹೊರಗೆ ಹೋಗಲಿಲ್ಲ. ಹೊರಕೋಣೆಗೆ ಹೋಗಿ ಡಬ್ಬ ಎತ್ತಿಕೊಂಡು ಅಂಗಳ ದಾಟಿ ನಡುಮನೆಯ ಜಮಖಾನೆಯ ಮೇಲೆ, ಚಹಾದ ತಟ್ಟೆಯ ಪಕ್ಕದಲ್ಲೇ ಇಟ್ಟೆ. ರಖಿಯಾ ಹಿಂದಕ್ಕೆ ಸರಿದಳು. ಮಗು ಇರುವ ಮನೆ, ಗಾಳಿ ತಂದು ನಡುಮನೆಗೆ ಹಾಕುತ್ತೀಯಾ ಅಂತ ಶುರು ಮಾಡಿದಳು.

"ಈ ಗಾಳಿ ಕುರಿ ಹಬ್ಬ ಆದ್ಮೇಲೆ ಬೀಸಿದ್ದಂತೆ," ಅಂದೆ.

ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದಿನಕ್ಕೆ ನೂರು ಜನ ನೋಡಿದವಳು ನಾನು. ರಖಿಯಾಳ ಕೈ ಸೀದಾ ಡಬ್ಬದ ಮೇಲೆ ಹೋಯಿತು.

ಸಕ್ಕರೆ ಒಡೆಯುವ ಸುತ್ತಿಗೆಯ ಚೂಪು ತುದಿಯಿಂದ ಟೇಪು ಸೀಳಿದೆ. ಆಕೆ ತಡೆಯಲಿಲ್ಲ. ಹುಲ್ಲು. ಸಕ್ಕರೆ ಅಚ್ಚಿಗೆ ಸುತ್ತುವ ನೀಲಿ ಕಾಗದ. ನೀಲಿ ಹೂವಿನ ತಾಜೀನ್, ಹೋದ ಹಾಗೇ ಬಂದಿತ್ತು. ಗೋಪುರದ ಮುಚ್ಚಳ ಎತ್ತಿದೆ.

ಒಳಗೆ ಕಪ್ಪು ಎಣ್ಣೆಬಟ್ಟೆಯ ಒಂದು ಪೊಟ್ಟಣ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಮೀನಿನ ಬಲೆಯ ಹುರಿಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಒಂದು ಗಂಟು ಹಾಕಿತ್ತು. ಕೈಯಲ್ಲಿ ತೂಗಿದೆ. ಮುಕ್ಕಾಲು ಕಿಲೋ.

ರಖಿಯಾ ಅಳಲು ಶುರು ಮಾಡಿದಳು. ಸದ್ದಿಲ್ಲದ ಅಳು. ನಾನು ಬಡವಿ, ನನಗೇನೂ ಗೊತ್ತಿಲ್ಲ, ಹೇಳಿದ ಹಾಗೆ ಮಾಡುತ್ತೇನೆ, ಬಿಟ್ಟುಬಿಡು ಅಂತ ನನ್ನ ಸೆರಗು ಹಿಡಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಸುಮ್ಮನೆ ಹೇಳುವುದಿಲ್ಲ, ಇಂಥ ಅಳು ಸಾವಿರ ಕೇಳಿ ನನ್ನ ಕಿವಿ ಕಲ್ಲಾಗಿದೆ. ಆದರೂ ಇದು ಸಿಕ್ಕಿಬಿದ್ದವಳ ಅಳು ಅನ್ನಿಸಲಿಲ್ಲ. ಇದರಲ್ಲಿ ಬೇರೆ ಏನೋ ಭಯ ಇತ್ತು.

ಹೇಳಿದ ಹಾಗೆ ಅಂದರೆ ಯಾರು ಹೇಳಿದ ಹಾಗೆ ಅಂತ ಕೇಳುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಇತ್ತೋ ನಿಂತಿದ್ದಳು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಅತ್ತೆಯ ಮೇಲೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಪೊಟ್ಟಣದ ಮೇಲೇ ಇತ್ತು.

"ಅದು ಅವರ ಗಂಟು," ಅಂದಳು. "ಎಡಗೈಯಲ್ಲಿ ಹಾಕೋದು. ತೂದಾ ತೊಟ್ಟಿಲಿಗೂ ಹೀಗೇ ಹಾಕಿದ್ರು."

ಅವಳು ಒಳಗೆ ಬಂದು, ಉಡಿಯಿಂದ ಹಿಟ್ಟು ಮೆತ್ತಿದ ಇನ್ನೊಂದು ಪೊಟ್ಟಣ ತೆಗೆದು ಚಹಾದ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಅದೇ ಎಣ್ಣೆಬಟ್ಟೆ, ಅದೇ ಬಲೆಯ ಹುರಿ.

ನಾನು ಎದೆ ತಟ್ಟಿ ನಿರಪರಾಧಿ ಅಂದವಳು ಕದ್ದಿದ್ದಳು. ಹಿಂದಿನ ಡಬ್ಬ ಎತ್ತಿಟ್ಟಾಗ ಅದರ ಭಾರ ಅವಳ ತೋಳಿಗೂ ಗೊತ್ತಾಗಿತ್ತಂತೆ. ಅತ್ತೆ ಇಲ್ಲದ ಹೊತ್ತಿನಲ್ಲಿ ಡಬ್ಬ ಬಿಚ್ಚಿ ನೋಡಿದ್ದಳು, ಗಂಡನ ಗಂಟು ಕಂಡಿದ್ದಳು, ಹಿಟ್ಟಿನ ಡ್ರಮ್ಮಿನಲ್ಲಿ ಹೂತಿಟ್ಟಿದ್ದಳು. ನಡುಸಮುದ್ರದಲ್ಲಿ ಇರಬೇಕಾದವನ ಗಂಟು ಗಡಿ ಊರಿನಿಂದ ಯಾಕೆ ಬಂತು ಅಂತ ಅವನನ್ನೇ ಕೇಳೋಣ ಅಂತ ಕಾದಿದ್ದಳು. ಅದಕ್ಕಾಗಿ ಇಷ್ಟು ದಿನ ಕಳ್ಳಿ ಅನ್ನಿಸಿಕೊಂಡು, ಹೊಡೆಸಿಕೊಂಡು, ಬಾಯಿ ಬಿಡದೆ ಮೀನು ಬಿಡಿಸುತ್ತಾ ಕೂತಿದ್ದಳು.

"ನಾಳೆ ಅವರು ಬರೋದೇ ಇಲ್ಲ, ಅಲ್ವಾ ಅತ್ತೆ?"

ರಖಿಯಾ ನನ್ನ ಸೆರಗು ಬಿಟ್ಟಳು.

"ದೋಣಿ ಬರುತ್ತೆ," ಅಂದಳು ಕೊನೆಗೆ. "ಅವನು ಅದರಲ್ಲಿಲ್ಲ."

ಆಮೇಲೆ ಮಾತು ಒಡೆದ ಕೊಡದ ನೀರಾಯಿತು. ಕುರಿ ಹಬ್ಬ ಆದ ಮೇಲೆ ಮಿಲೂದ್ ದೋಣಿ ಹತ್ತಲೇ ಇಲ್ಲ. ಯಾರದೋ ಮಾತು ಕೇಳಿ ವಜ್ದಾಕ್ಕೆ ಹೋದ, ಹೋದಲ್ಲೇ ಕಳ್ಳಸಾಗಣೆಯವರ ಕೈಯಲ್ಲಿ ಸಿಕ್ಕಿಬಿದ್ದ. ಅವನ ಕೈಯಲ್ಲೇ ಪೊಟ್ಟಣ ಕಟ್ಟಿಸುತ್ತಾರೆ. ಗಂಟು ಹಾಗೇ ಇದ್ದರೆ ನಡುವೆ ಯಾರೂ ಬಿಚ್ಚಿಲ್ಲ ಅಂತ ಅವರಿಗೆ ನಂಬಿಕೆ. ಇಲ್ಲಿ ರಖಿಯಾ ಅದನ್ನು ತೆಗೆದು ಹೇಳಿದ ಕಡೆ ತಲುಪಿಸಬೇಕು. ಮೂರನೆಯದು ತಲುಪಲಿಲ್ಲ. ನಾಳೆ ನಮಾಜಿನ ಹೊತ್ತಿಗೆ ಅದನ್ನೂ ಇವತ್ತಿನದನ್ನೂ ಕೊಡಬೇಕು, ಕೊಟ್ಟರೆ ಮಗನನ್ನು ಬಿಡುತ್ತಾರೆ. ಸೊಸೆಯೇ ತೆಗೆದಿದ್ದಾಳೆ ಅನ್ನುವ ಅನುಮಾನ ಇತ್ತು, ಏನು ಕಳೆದಿದೆ ಅಂತ ಬಾಯಿ ಬಿಡುವ ಹಾಗಿರಲಿಲ್ಲ. ಅದಕ್ಕೇ ಬ್ಯಾಂಕಿನ ದುಡ್ಡು ಕದಿಯುತ್ತಾಳೆ ಅಂತ ನೆವ ಹಿಡಿದು ಸುಂಕದವಳನ್ನು ಕರೆಸಿದ್ದಳು. ನಾನು ಮನೆ ಜಾಲಾಡಿ ಪೊಟ್ಟಣ ಹುಡುಕಿಕೊಡುತ್ತೇನೆ ಅಂತ ನಂಬಿದ್ದಳು. ನಾನು ಲೆಕ್ಕ ಹುಡುಕುತ್ತಾ ಕೂತಿದ್ದೆ.

ಇತ್ತೋ ಕೆಳಗೆ ಕೂತಳು. ಅವಳ ಕೈ ತಾನು ತಂದ ಪೊಟ್ಟಣದ ಹುರಿಯ ಮೇಲೆ ಇತ್ತು.

ರಖಿಯಾ ಆ ಕೈ ಹಿಡಿದುಕೊಂಡಳು. ಹೊಡೆದಿದ್ದ ಕೈಯಿಂದಲೇ ಹಿಡಿದುಕೊಂಡಳು.

"ಬೇಡ ಮಗಳೇ," ಅಂದಳು. ಆ ಮನೆಯಲ್ಲಿ ಆಕೆ ಸೊಸೆಯನ್ನು ಮಗಳೇ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಗಂಟು ಹೇಗಿದ್ಯೋ ಹಾಗೇ ಇರ್ಲಿ. ಅದನ್ನ ಬಿಚ್ಚಿದ್ರೆ ನೀನು ಬಸ್ ಹತ್ತಬೇಕಾಗಿಲ್ಲ. ನನ್ನ ಹಾಗೆ ಬಿಳಿ ಉಡ್ತೀಯ."

"ಬಿಚ್ಚಿಲ್ಲ, ಅತ್ತೆ," ಅಂದಳು ಇತ್ತೋ. "ಇದ್ದ ಹಾಗೇ ಇದೆ."

ರಖಿಯಾ ದೇವರ ಹೆಸರು ಹೇಳಿ ಅವಳ ಭುಜಕ್ಕೆ ಹಣೆ ಒರಗಿಸಿದಳು. ಅಡುಗೆಮನೆಯಲ್ಲಿ ಮಗು ಎದ್ದು ಅಮ್ಮನನ್ನು ಕರೆಯಿತು. ಇತ್ತೋ ಏಳಲಿಲ್ಲ, ಅತ್ತೆಯ ತಲೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರು ಅಂತ ಬೇಡುವ ನೋಟ ಅದು.

ಯಾಕೆ ಅಂತ ಆಗ ತಿಳಿಯಿತು. ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ತಟ್ಟೆಯ ಪಕ್ಕದಲ್ಲಿ, ಅವಳದರ ಜೊತೆಗೆ ಇಟ್ಟೆ. ಮಿಲೂದನ ಗಂಟು ಎಡಕ್ಕೆ ಸುತ್ತಿತ್ತು. ಇತ್ತೋ ತಂದ ಪೊಟ್ಟಣದ ಗಂಟು ಬಲಗೈಯಲ್ಲಿ ಹಾಕಿದ್ದು, ಬಲಕ್ಕೆ ಸುತ್ತಿತ್ತು.